ಕೈಜಾರಿ ಬಿದ್ದ ಮಗು, ಅರಸನ ಮೇಜಿನಲ್ಲಿ

(ಭಾನುವಾರದ ಆರಾಧನೆಯಲ್ಲಿ ಕೊಟ್ಟ ದೇವರ ವಾಕ್ಯದ ಬರಹರೂಪ)

ವಾಕ್ಯಭಾಗ: 2 ಸಮುವೇಲ 4:4 ಮತ್ತು 9:1–13

ವಿಜಯಪುರ ನಗರದವರು, ಟಿಕೋಟಾದಿಂದ, ಬಬಲೇಶ್ವರ ಕಡೆಯಿಂದ ಬೆಳಿಗ್ಗೆಯೇ ಬಸ್ಸು, ಟಂಟಂ ಹಿಡಿದು ಬಂದವರು, ಎಲ್ಲರನ್ನೂ ಕರ್ತನು ಆಶೀರ್ವದಿಸಲಿ. ಹಲ್ಲೆಲೂಯಾ.

ಮಕ್ಕಳು ಸಂಡೇ ಸ್ಕೂಲಿಗೆ ಹೋಗಿದ್ದಾರೆ, ಅದಕ್ಕೆ ಇವತ್ತು ಸ್ವಲ್ಪ ಬಿಚ್ಚಿ ಮಾತಾಡ್ತೀನಿ. ಕುಡಿಯೋದು ಪಾಪ, ಕುಡಿತ ಬಿಡ್ರಿ ಅಂತ ನಾನು ಇಲ್ಲೇ ನಿಂತು ಎಷ್ಟೋ ಸಲ ಹೇಳಿದ್ದೀನಿ. ಅದು ಸತ್ಯ, ಇವತ್ತೂ ಅದನ್ನೇ ಹೇಳ್ತೀನಿ. ಆದರೆ ಒಬ್ಬ ಮನುಷ್ಯನನ್ನು ಹತ್ತಿರ ಕೂಡಿಸಿಕೊಂಡು, "ತಮ್ಮಾ, ನೀ ಯಾಕ ಕುಡೀತಿ?" ಅಂತ ಕೇಳಿ, ಅವನು ಉತ್ತರ ಹೇಳೋತನಕ ಸುಮ್ಮನೆ ಕೂತದ್ದು ಬಹಳ ಕಡಿಮೆ. ಹಾಗೆ ಕೇಳದೆ ಇದ್ದದ್ದರಿಂದ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೂ ಇವತ್ತು ನಿಮ್ಮ ಮುಂದೆ ಹೇಳಬೇಕು. ಮೊದಲು ವಾಕ್ಯಕ್ಕೆ ಹೋಗೋಣ.

ಸೌಲನೂ ಯೋನಾತಾನನೂ ಯುದ್ಧದಲ್ಲಿ ಸತ್ತರೆಂಬ ಸುದ್ದಿ ಅರಮನೆಗೆ ಮುಟ್ಟಿತು. ಯೋನಾತಾನನಿಗೆ ಐದು ವರ್ಷದ ಒಬ್ಬ ಮಗ, ಹೆಸರು ಮೆಫೀಬೋಶೆತ್. ಶತ್ರುಗಳು ಬಂದೇ ಬಿಡುತ್ತಾರೆ ಅಂತ ದಾದಿ ಮಗುವನ್ನು ಎತ್ತಿಕೊಂಡು ಓಡಿದಳು. ಓಡುವ ಅವಸರದಲ್ಲಿ ಮಗು ಬಿತ್ತು. ಎರಡು ಕಾಲೂ ಕುಂಟಾದವು. ಒಂದೇ ವಚನದಲ್ಲಿ ಸತ್ಯವೇದ ಇಷ್ಟನ್ನು ಹೇಳಿ ಮುಂದೆ ಹೋಗುತ್ತದೆ. ಆದರೆ ಆ ಹುಡುಗನಿಗೆ ಅದು ಒಂದು ವಚನ ಅಲ್ಲ, ಇಡೀ ಜೀವನ. ಅಪ್ಪ ಹೋದ, ಅಜ್ಜ ಹೋದ, ಮನೆ ಹೋಯಿತು, ನಡೆಯುವ ಕಾಲೂ ಹೋಯಿತು. ಎಲ್ಲಾ ಒಂದೇ ದಿನ.

1. ಬಿದ್ದದ್ದು ಮಗುವಿನ ತಪ್ಪಲ್ಲ

ಈ ಮಾತನ್ನು ಇವತ್ತು ಇಲ್ಲಿ ಕೆಲವರು ಮೊದಲ ಸಲ ಕೇಳ್ತಿರಬಹುದು. ಐದು ವರ್ಷದ ಕೂಸು ತಾನಾಗಿ ಜಿಗಿಯಲಿಲ್ಲ. ಎತ್ತಿಕೊಂಡವರ ಕೈ ಜಾರಿತು.

ಕೆಲವು ಸಲ ಆ ಕೈ ಕೆಟ್ಟ ಕೈ ಆಗಿರುವುದಿಲ್ಲ. ಈ ದಾದಿ ಮಗುವನ್ನು ಉಳಿಸಬೇಕೆಂದೇ ಓಡಿದವಳು. ನಮ್ಮ ಕಡೆ ಬರಗಾಲ ಬಿದ್ದಾಗ ಎಷ್ಟು ತಂದೆ–ತಾಯಿ ಮಕ್ಕಳನ್ನು ಅಜ್ಜಿ ಹತ್ತಿರ, ಸಂಬಂಧಿಕರ ಹತ್ತಿರ ಬಿಟ್ಟು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ ಕೂಲಿಗೆ ಹೋಗಲಿಲ್ಲ? ಹೊಟ್ಟೆಗಾಗಿ ಹೋದರು. ಅವರನ್ನು ನಾವು ದೂಷಿಸಬಾರದು. ಆದರೂ ಮಗು ಬಿದ್ದಿದ್ದರೆ ಬಿದ್ದದ್ದು ಬಿದ್ದದ್ದೇ. ಮನಸ್ಸಿನ ಕಾಲು ಮುರಿದದ್ದು ಮುರಿದದ್ದೇ.

ಇನ್ನು ಕೆಲವು ಸಲ ಆ ಕೈ ನಿಜವಾಗಿ ಕೆಟ್ಟದ್ದೇ ಆಗಿರುತ್ತದೆ. ಹೊಡೆದ ಕೈ, ಮುಟ್ಟಬಾರದ ರೀತಿ ಮುಟ್ಟಿದ ಕೈ, ಕತ್ತಲೆ ಕೋಣೆಯಲ್ಲಿ ಹಾಕಿ ಚಿಲಕ ಜಡಿದ ಕೈ. ಮತ್ತೆ, "ಇದನ್ನ ಯಾರಿಗಾದ್ರೂ ಹೇಳಿದ್ರ ನೋಡು" ಅಂದ ಬಾಯಿ. ಅಂಥ ಮಗು ಏನು ತಿಳಿದುಕೊಳ್ಳುತ್ತದೆ? ತಪ್ಪು ಮಾಡಿದವರು ದೊಡ್ಡವರು ಅಂತ ತಿಳಿಯುವುದಿಲ್ಲ. ನಾನೇ ಕೆಟ್ಟವನು, ನಾನೇ ಕೆಟ್ಟವಳು ಅಂತ ತಿಳಿಯುತ್ತದೆ. ಆ ನಾಚಿಕೆ ಅದರ ಜೊತೆಗೇ ಬೆಳೆಯುತ್ತದೆ.

ಇದು ಬರೀ ನನ್ನ ಮಾತಲ್ಲ. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಸಂಗಡಿಗರು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 9,500 ಜನರ ಮೇಲೆ ವಿಚಾರಿಸಿದ್ದರು. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡುಕರು, ತಾಯಿಯನ್ನು ಹೊಡೆಯುವುದನ್ನು ಕಣ್ಣಾರೆ ಕಂಡದ್ದು, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಪೆಟ್ಟು ತಿಂದವರಿಗೆ, ಯಾವ ಪೆಟ್ಟೂ ತಿನ್ನದವರಿಗಿಂತ ಕುಡಿತದ ಚಟ, ಮಾದಕ ವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚು ಎಂದು ಕಂಡುಬಂತು.

ಇದನ್ನು ತಪ್ಪಾಗಿ ತಿಳಿಯಬೇಡಿ. ಪೆಟ್ಟು ತಿಂದವರೆಲ್ಲ ಕುಡುಕರಾಗುವುದಿಲ್ಲ, ಕುಡಿಯುವವರೆಲ್ಲ ಪೆಟ್ಟು ತಿಂದವರೂ ಅಲ್ಲ. "ನನಗ ಸಣ್ಣಾವಿದ್ದಾಗ ಹಿಂಗಾಗೇತಿ, ಅದಕ್ಕ ನಾ ಹೆಂಡ್ತೀನ ಹೊಡೀತೀನಿ" ಅಂತ ಹೇಳಲು ಯಾರಿಗೂ ಅಧಿಕಾರ ಇಲ್ಲ. ಕಾಲು ಮುರಿದದ್ದು ಮೆಫೀಬೋಶೆತನ ತಪ್ಪಲ್ಲ. ಆದರೆ ಅರಸನ ಆಳು ಬಾಗಿಲಿಗೆ ಬಂದಾಗ ಹೊರಡಬೇಕೋ ಬೇಡವೋ ಅನ್ನುವುದು ಅವನದೇ ತೀರ್ಮಾನ. ಈ ಎರಡು ಮಾತನ್ನೂ ಕೂಡಿಸಿ ಹಿಡಿದುಕೊಳ್ಳಿ. ಆಮೆನ್?

2. ಲೋದೆಬಾರ್ ಎಂಬ ಊರು

ಮೆಫೀಬೋಶೆತ್ ದೊಡ್ಡವನಾದ ಮೇಲೆ ಎಲ್ಲಿದ್ದ? ಲೋದೆಬಾರಿನಲ್ಲಿ, ಮಾಕೀರನೆಂಬವನ ಮನೆಯಲ್ಲಿ. ಲೋದೆಬಾರ್ ಅಂದರೆ ಹುಲ್ಲುಗಾವಲು ಇಲ್ಲದ ಜಾಗ ಎಂದು ಅರ್ಥ ಹೇಳುತ್ತಾರೆ. ಅರಸನ ಮೊಮ್ಮಗ ಬಂಜರು ಊರಲ್ಲಿ ಅಡಗಿ ಕೂತಿದ್ದ. ಹೊರಗೆ ಬಂದರೆ ಕೊಲ್ಲುತ್ತಾರೆ ಅನ್ನುವ ಹೆದರಿಕೆ. ಹೆದರಿಸುವ ಕಾಲ ಮುಗಿದು ಎಷ್ಟೋ ವರ್ಷ ಆಗಿದ್ದರೂ ಹೆದರಿಕೆ ಮುಗಿದಿರಲಿಲ್ಲ.

ಕುಡಿತವೂ ಒಂದು ಲೋದೆಬಾರೇ. ಗುಟ್ಕಾ, ಗಾಂಜಾ, ಓಸಿ–ಮಟಕಾ, ಮೊಬೈಲಿನ ಜೂಜು, ಎಲ್ಲಾ ಅದೇ ಊರಿನ ಬೇರೆ ಬೇರೆ ಓಣಿಗಳು. ಅಡಗಿಕೊಳ್ಳುವುದಕ್ಕೆ ಹೋಗುತ್ತೇವೆ, ಅಲ್ಲೇ ಉಳಿದು ಬಿಡುತ್ತೇವೆ.

ಒಬ್ಬ ತಮ್ಮನ ವಿಷಯ ಹೇಳ್ತೀನಿ. ಅವನನ್ನು ಕೇಳಿ, ಅವನ ಒಪ್ಪಿಗೆ ತಗೊಂಡೇ ಹೇಳುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ, ನೀವೂ ಹುಡುಕಬೇಡಿ. ದ್ರಾಕ್ಷಿ ತೋಟದ ಕೆಲಸದವನು. ಬಟವಡೆ ದಿನ ಬಂತಂದರೆ ಕೂಲಿ ಹಣ ಮನೆ ಮುಟ್ಟುತ್ತಿರಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆಗ ಎಷ್ಟೋ ತಾಯಂದಿರು ಇನ್ನು ನಮ್ಮ ಮನೆ ಉಳಿಯಿತು ಅಂದುಕೊಂಡರು. ಆದರೆ ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. ಅಂಗಡಿ ಮುಚ್ಚಿದರೂ ಒಳಗಿನ ಗಾಯ ಮುಚ್ಚಿರಲಿಲ್ಲ.

ಒಂದು ದಿನ ಅವನು ನನಗೆ ಹೇಳಿದ: "ಪಾಸ್ಟರ್, ನಾ ಮಜಾಕ್ಕ ಕುಡಿಯಂಗಿಲ್ರಿ. ನಿದ್ದಿ ಹತ್ತಲಿ ಅಂತ ಕುಡೀತೀನ್ರಿ." ಎಂಟು ವರ್ಷದವನಿದ್ದಾಗ ಅವ್ವ–ಅಪ್ಪ ಕಬ್ಬಿನ ಕೆಲಸಕ್ಕೆ ಹೋದರು. ಇವನನ್ನು ಬಿಟ್ಟ ಮನೆಯಲ್ಲಿ ಒಬ್ಬ ದೊಡ್ಡವನು ಇವನನ್ನು ಹೊಡೆದು ಕಣಕಿ ಒಟ್ಟಿದ ಕೋಣೆಯಲ್ಲಿ ರಾತ್ರಿಯೆಲ್ಲಾ ಹಾಕಿ ಚಿಲಕ ಹಾಕುತ್ತಿದ್ದ. ಬರೀ ಹೊಡೆತ ಅಷ್ಟೇ ಅಲ್ಲ, ಅದಕ್ಕಿಂತ ಕೆಟ್ಟದ್ದೂ ಆಯಿತು. ಈಗ ಅವನಿಗೆ ಮೂವತ್ತು ದಾಟಿದೆ. ಆದರೂ ಮಳೆಗೆ ನೆನೆದ ಕಣಕಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಕಾಲು ತಾನಾಗಿ ಅಂಗಡಿ ಕಡೆ ನಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಕಣಕಿ ಇಲ್ಲದ ಊರು ಎಲ್ಲಿದೆ ಹೇಳಿ? ಅವನು ಎಲ್ಲಿಗೆ ಓಡಬೇಕು?

ಅವನ ಹೆಂಡತಿಗೂ ಇದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೂ ಹೇಳಿರಲಿಲ್ಲ.

ದಾವೀದನ ಮುಂದೆ ಬಂದಾಗ ಮೆಫೀಬೋಶೆತ್ ತನ್ನನ್ನು ಏನೆಂದು ಕರೆದುಕೊಂಡ? ಸತ್ತ ನಾಯಿಗೆ ಸಮಾನ ಅಂದುಕೊಂಡ. ಈ ತಮ್ಮನೂ ಅಂಥದ್ದೇ ಮಾತು ಹೇಳಿದ. ಬಿದ್ದ ಮಗು ದೊಡ್ಡದಾಗಿ ತನ್ನ ಬಗ್ಗೆ ಇದನ್ನೇ ನಂಬುತ್ತದೆ. ಕುಡಿದವನಿಗೆ ಊರೂ ಅದೇ ಹೆಸರು ಇಡುತ್ತದೆ. ಆದರೆ ಗಮನಿಸಿ, ಅವನು ಆ ಮಾತು ಹೇಳುವ ಮೊದಲೇ ದಾವೀದನು ಅವನನ್ನು ಹೆಸರು ಹಿಡಿದು ಕರೆದಾಗಿತ್ತು. ಚೀಬನು ಅರಸನಿಗೆ ವರದಿ ಕೊಡುವಾಗ ಹೆಸರು ಹೇಳಲಿಲ್ಲ, ಎರಡು ಕಾಲೂ ಕುಂಟಾದ ಒಬ್ಬ ಮಗ ಇದ್ದಾನೆ ಅಂದ. ಆಳಿಗೆ ಕಂಡದ್ದು ಕುಂಟು. ಅರಸನು ಕರೆದದ್ದು ಹೆಸರು. ದೇವರಿಗೆ ಸ್ತೋತ್ರ!

3. ನಾನು ಮಾಡಿದ ತಪ್ಪು

ಈಗ ನನ್ನ ತಪ್ಪಿಗೆ ಬರ್ತೀನಿ. ಆ ತಮ್ಮ ಕುಡಿತ ಬಿಡಬೇಕು ಅಂತ ಬಂದಾಗ ನಾನು ಏನೂ ಕೇಳಲಿಲ್ಲ. "ಮೂರು ದಿನ ಉಪವಾಸ ಪ್ರಾರ್ಥನೆಗೆ ಕೂಡು, ಕರ್ತನು ಬಿಡುಗಡೆ ಮಾಡ್ತಾನೆ" ಅಂದೆ. ದಿನಾ ಕುಡಿಯುವ ದೇಹ ಅದು. ಒಂದೇ ಏಟಿಗೆ ನಿಲ್ಲಿಸಿದ, ಊಟವನ್ನೂ ಬಿಟ್ಟ. ಮೊದಲ ದಿನ ಕೈ ನಡುಗಿತು, ಬೆವರು ಸುರಿಯಿತು. ನಾವು ಸ್ತೋತ್ರ ಮಾಡಿದೆವು. ಮೂರನೇ ದಿನ ಅವನು ಗೋಡೆಯ ಮೇಲೆ ಇರುವೆ ಹರಿದಾಡುತ್ತಿವೆ ಅಂತ ಒರೆಸತೊಡಗಿದ, ಯಾರೋ ಚಿಲಕ ಹಾಕುತ್ತಿದ್ದಾರೆ ಅಂತ ಕೂಗಿದ. ನಾನು ದುರಾತ್ಮ ಅಂದುಕೊಂಡೆ. ಇನ್ನೂ ಜೋರಾಗಿ ಗದರಿಸಿ ಪ್ರಾರ್ಥಿಸಿದೆ. ನಮ್ಮ ಸಭೆಯಲ್ಲಿ ನರ್ಸ್ ಕೆಲಸ ಮಾಡುವ ಒಬ್ಬ ಅಕ್ಕ ಎದ್ದು ಬಂದು, "ಪಾಸ್ಟರ್, ಇದು ದೆವ್ವ ಅಲ್ರಿ. ಈಗಿಂದೀಗ ದವಾಖಾನಿಗೆ ಒಯ್ಯದಿದ್ರ ಈ ಹುಡುಗ ಉಳಿಯಂಗಿಲ್ಲ" ಅಂದರು. ಆ ಅಕ್ಕನ ಮಾತು ಆ ದಿನ ದೇವರ ಮಾತಾಗಿತ್ತು. ಒಯ್ದೆವು. ಡಾಕ್ಟರು ನನ್ನನ್ನು ಬೈದರು. ಬೈಸಿಕೊಳ್ಳಬೇಕಾದವನೇ ನಾನು.

ಎಲ್ಲರೂ ತಿಳಿದುಕೊಳ್ಳಿ, ಒಂದು ಜೀವ ಉಳಿಯಬಹುದು. ಬಹಳ ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು, ವಾಂತಿ ಬರಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಜ್ವರ ಏರುತ್ತದೆ. ಇದಕ್ಕೆ ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಿ ನಡುಕ ತಡೆಯುವ ಔಷಧ ಕೊಡುತ್ತಾರೆ, ಬಿ1 ಜೀವಸತ್ವ ಕೊಡುತ್ತಾರೆ. ಆದ್ದರಿಂದ ಇನ್ನು ಮುಂದೆ ನಮ್ಮ ಸಭೆಯ ನಿಯಮ ಹೀಗೆ: ದಿನಾ ಕುಡಿಯುವವರು ಬಿಡಬೇಕೆಂದು ಬಂದರೆ ಮೊದಲು ಡಾಕ್ಟರ ಹತ್ತಿರ. ಅವರಿಗೆ ಉಪವಾಸ ಇಲ್ಲ, ಅವರಿಗೋಸ್ಕರ ನಾವು ಉಪವಾಸ ಮಾಡೋಣ.

"ಹಂಗಾದ್ರ ನಂಬಿಕೆ ಎಲ್ಲಿ ಹೋಯ್ತು ಪಾಸ್ಟರ್?" ಅಂತ ಕೇಳಬಹುದು. ಯೆಶಾಯ 38ನೇ ಅಧ್ಯಾಯ ತೆಗೆಯಿರಿ. ಹಿಜ್ಕೀಯ ಅರಸನು ಸಾಯುವ ಸ್ಥಿತಿಯಲ್ಲಿದ್ದ. ಅತ್ತು ಪ್ರಾರ್ಥಿಸಿದ. ದೇವರು ಕೇಳಿ ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸಿದನು. ವಾಗ್ದಾನ ಆಯಿತು, ಸೂಚನೆಯೂ ಆಯಿತು. ಆಮೇಲೆ ಅದೇ ಪ್ರವಾದಿ ಅಂಜೂರದ ಉಂಡೆಯನ್ನು ಹುಣ್ಣಿನ ಮೇಲೆ ಕಟ್ಟಲು ಹೇಳಿದನು. ವಾಗ್ದಾನ ಕೊಟ್ಟ ದೇವರೇ ಔಷಧವನ್ನೂ ಹೇಳಿದನು. ಅಂಜೂರ ಕಟ್ಟಿಸಿಕೊಂಡದ್ದು ಹಿಜ್ಕೀಯನ ಅಪನಂಬಿಕೆ ಅಲ್ಲ, ವಿಧೇಯತೆ.

ಜಿಲ್ಲಾ ಆಸ್ಪತ್ರೆಗೆ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು–ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡುವ ಬಗ್ಗೆ ಕೇಳಲು 14446. ಈಗಲೇ ಸತ್ಯವೇದದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ. ನಾಚಿಕೆ ಬೇಡ.

4. ವರ ಒಂದು ಕ್ಷಣದ್ದು, ಫಲ ಒಂದು ಹಂಗಾಮಿನದು

ಒಂದೇ ರಾತ್ರಿಯಲ್ಲಿ ಬಿಡುಗಡೆ ಹೊಂದಿದವರೂ ನಮ್ಮ ನಡುವೆ ಇದ್ದಾರೆ. ಅವರ ಸಾಕ್ಷಿಗಾಗಿ ದೇವರಿಗೆ ಸ್ತೋತ್ರ. ಆದರೆ ಎಲ್ಲರಿಗೂ ಹಾಗೆ ಆಗುವುದಿಲ್ಲ. ಗಲಾತ್ಯ 5ರಲ್ಲಿ ಪೌಲನು ಶಮೆದಮೆಯನ್ನು ಎಲ್ಲಿ ಬರೆದಿದ್ದಾನೆ? ಪವಿತ್ರಾತ್ಮನ ವರಗಳ ಪಟ್ಟಿಯಲ್ಲಿ ಅಲ್ಲ, ಫಲದ ಪಟ್ಟಿಯಲ್ಲಿ, ಅದೂ ಕಟ್ಟಕಡೆಯಲ್ಲಿ. ವರವು ಒಂದು ಕ್ಷಣದಲ್ಲಿ ಸಿಗಬಹುದು. ಫಲ ಬೆಳೆಯಬೇಕು.

ಟಿಕೋಟಾದವರಿಗೆ ನಾನು ದ್ರಾಕ್ಷಿ ಪಾಠ ಹೇಳುವುದು ಬೇಡ, ನೀವೇ ನನಗೆ ಕಲಿಸಿದ್ದೀರಿ. ವರ್ಷಕ್ಕೆ ಎರಡು ಚಾಟಣಿ. ಏಪ್ರಿಲ್ ಚಾಟಣಿಯಲ್ಲಿ ಬಳ್ಳಿಯನ್ನು ಎಷ್ಟು ಮೋಟು ಮಾಡುತ್ತೀರಿ ಅಂದರೆ, ಗೊತ್ತಿಲ್ಲದವನು ನೋಡಿದರೆ ತೋಟ ಹಾಳಾಯಿತು ಅನ್ನಬೇಕು. ಆ ಚಾಟಣಿಯಿಂದ ಮಾರುವಂಥ ಹಣ್ಣು ಬರುತ್ತದೆಯೇ? ಇಲ್ಲ. ಬರೀ ಕಡ್ಡಿ ಬೆಳೆಯುತ್ತದೆ. ಹಣ್ಣು ಬರುವುದು ಅಕ್ಟೋಬರ್ ಚಾಟಣಿ ಆದ ಮೇಲೆ, ಫೆಬ್ರವರಿ–ಮಾರ್ಚಿನಲ್ಲಿ. ಆದರೆ ಆ ಗೊನೆ ಎಲ್ಲಿ ತಯಾರಾಗುತ್ತದೆ? ಏಪ್ರಿಲ್ ಚಾಟಣಿಯ ಮುಂದಿನ ಎರಡು ತಿಂಗಳಲ್ಲಿ, ಕಡ್ಡಿಯ ಕಣ್ಣಿನ ಒಳಗೆ, ಹೊರಗೆ ಯಾರಿಗೂ ಕಾಣದಂತೆ. ಆಗ ನೀರು, ಗೊಬ್ಬರ, ಬಿಸಿಲು ತಪ್ಪಿದರೆ ಅಕ್ಟೋಬರಿನಲ್ಲಿ ಎಷ್ಟು ಕಷ್ಟಪಟ್ಟರೂ ಬರೀ ಎಲೆ ಬರುತ್ತದೆ.

ಕುಡಿತ ಬಿಟ್ಟ ಮೊದಲ ತಿಂಗಳುಗಳು ಏಪ್ರಿಲ್ ಚಾಟಣಿ ಇದ್ದಹಾಗೆ. ಕತ್ತರಿಸಿದ್ದು ಕಾಣುತ್ತದೆ, ಹಣ್ಣು ಕಾಣುವುದಿಲ್ಲ. ಮನುಷ್ಯ ಸಿಡುಕುತ್ತಾನೆ, ನಿದ್ದೆ ಬರುವುದಿಲ್ಲ, ಹಳೆಯ ನೆನಪು ಮೇಲೆ ಬರುತ್ತದೆ. ಮನೆಯವರು, "ಕುಡಿಯೂದು ಬಿಟ್ಟರೂ ಇವನ ಸ್ವಭಾವ ಬದಲಾಗ್ಲಿಲ್ಲ" ಅಂತಾರೆ. ಸ್ವಲ್ಪ ತಡೆಯಿರಿ. ಕಣ್ಣಿನ ಒಳಗೆ ಕೆಲಸ ನಡೆದಿದೆ.

ಇಲ್ಲಿ ನನ್ನ ಎರಡನೇ ತಪ್ಪು ಹೇಳ್ತೀನಿ. ಆ ತಮ್ಮ ಆಸ್ಪತ್ರೆಯಿಂದ ಬಂದು ಮೂರೇ ವಾರಕ್ಕೆ ಅವನನ್ನು ಇಲ್ಲಿ ನಿಲ್ಲಿಸಿ ಸಾಕ್ಷಿ ಹೇಳಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಎರಡು ತಿಂಗಳಿಗೆ ಅವನು ಮತ್ತೆ ಕುಡಿದ. ಕುಡಿದದ್ದಕ್ಕಿಂತ ಇಲ್ಲಿ ಮುಖ ತೋರಿಸುವ ನಾಚಿಕೆಯೇ ದೊಡ್ಡದಾಗಿ ಸಭೆಗೆ ಬರುವುದನ್ನೇ ಬಿಟ್ಟ. ಮೊಳಕೆ ಒಡೆಯುವ ಮೊದಲೇ ನಾನು ಗೊನೆ ಕೇಳಿದ್ದೆ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ದಿನವೇ ಅವನು ಕಣಕಿ ಕೋಣೆಯ ಮಾತು ಬಾಯಿಬಿಟ್ಟದ್ದು. ಅವನ ಹೆಂಡತಿ ಕದದ ಹಿಂದೆ ನಿಂತು ಕೇಳಿದಳು. ಬಂದು ಅವನ ಪಕ್ಕದಲ್ಲಿ ಕೂತಳು. ಏನೂ ಅನ್ನಲಿಲ್ಲ. ನಾನೂ ಆ ದಿನ ಉಪದೇಶ ಮಾಡಲಿಲ್ಲ.

ಈಗ ಹದಿನಾಲ್ಕು ತಿಂಗಳಾಯಿತು. ಡಾಕ್ಟರ ಹತ್ತಿರ ಹೋಗ್ತಾನೆ, ಆಪ್ತ ಸಮಾಲೋಚನೆಗೆ ಹೋಗ್ತಾನೆ, ಪ್ರಾರ್ಥನೆಗೂ ಬರ್ತಾನೆ. ಕಣಕಿಯ ವಾಸನೆ ಬಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಈಗ ಅಂಗಡಿಗೆ ಹೋಗುವುದಿಲ್ಲ, ನಮ್ಮಲ್ಲಿ ಒಬ್ಬ ಹಿರಿಯ ಅಣ್ಣನಿಗೆ ಫೋನ್ ಮಾಡ್ತಾನೆ. ಆ ಅಣ್ಣ ಕೂಡ ಒಂದು ಕಾಲಕ್ಕೆ ಕುಡಿಯುತ್ತಿದ್ದವರು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ದಲ್ಲಾಳಿ, ಇನ್ನೊಬ್ಬ ಡಾಕ್ಟರು, ಒಬ್ಬರ ಜೊತೆ ಒಬ್ಬರು ಕೂತು ಮಾತಾಡುತ್ತಾ ಕುಡಿತ ಬಿಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಹವಾಸ ಹುಟ್ಟಿದ್ದು ಹಾಗೆ. ಯಾಕೋಬನೂ ತನ್ನ ಪತ್ರಿಕೆಯ 5:16ರಲ್ಲಿ ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಲು ಹೇಳಿದ್ದಾನೆ. ಒಬ್ಬನೇ ಕೂತು ಬಿಡುವುದು ಕಷ್ಟ.

5. ಕಾಲು ಕುಂಟಾಗಿಯೇ ಇದ್ದವು

2 ಸಮುವೇಲ 9ರ ಕೊನೆಯ ವಚನ ಓದಿ ನೋಡಿ. ಮೆಫೀಬೋಶೆತ್ ಯೆರೂಸಲೇಮಿನಲ್ಲಿ ವಾಸಿಸಿದ, ದಿನಾ ಅರಸನ ಪಂಕ್ತಿಯಲ್ಲಿ ಊಟ ಮಾಡಿದ. ಅಷ್ಟು ಹೇಳಿ ಸತ್ಯವೇದ ಕೊನೆಗೆ ಇನ್ನೊಂದು ಮಾತು ಸೇರಿಸುತ್ತದೆ: ಅವನ ಎರಡು ಕಾಲೂ ಕುಂಟಾಗಿದ್ದವು. ನಾನು ಮೊದಲು ಇದನ್ನು ಓದುವಾಗ, ಅರಮನೆಗೆ ಬಂದ ಮೇಲೆ ಕಾಲು ವಾಸಿಯಾಗಬೇಕಿತ್ತಲ್ಲ ಅಂತ ಅನ್ನಿಸುತ್ತಿತ್ತು. ಆಗಲಿಲ್ಲ. ಕಾಲು ವಾಸಿಯಾದ ಮೇಲೆ ಬಾ ಅಂತ ಅರಸನು ಹೇಳಲಿಲ್ಲ. ಕುಂಟುಗಾಲಿನವನನ್ನೇ ಮಗನಂತೆ ಕೂಡಿಸಿಕೊಂಡ. ಊಟಕ್ಕೆ ಕೂತಾಗ ಅವನ ಕಾಲು ಯಾರಿಗೂ ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ.

ಇನ್ನೊಂದು ವಿಷಯ. ದಾವೀದನು ಅವನಿಗೆ ಊಟ ಮಾತ್ರ ಕೊಡಲಿಲ್ಲ, ಸೌಲನ ಭೂಮಿಯನ್ನೂ ಹಿಂದಕ್ಕೆ ಕೊಟ್ಟ. ಕುಂಟುಗಾಲಿನವನು ಉಳುವುದು ಹೇಗೆ? ಹದಿನೈದು ಮಕ್ಕಳೂ ಇಪ್ಪತ್ತು ಆಳುಗಳೂ ಇದ್ದ ಚೀಬನಿಗೆ ಸಾಗುವಳಿಯ ಕೆಲಸ ಒಪ್ಪಿಸಿದ. ಕೃಪೆಯ ಜೊತೆ ವ್ಯವಸ್ಥೆಯೂ ಬಂತು. ನಾವು ಒಬ್ಬರಿಗೆ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿ ಕಳಿಸುತ್ತೇವೆ, ಆದರೆ ಅವರ ಸಾಲ? ಕೆಲಸ? ಮಕ್ಕಳ ಶಾಲೆ? ಈ ತಮ್ಮ ತಾನಾಗಿಯೇ ಒಂದು ಏರ್ಪಾಡು ಮಾಡಿಕೊಂಡ. ಬಟವಡೆ ಹಣ ಮಾಲೀಕರು ನೇರ ಹೆಂಡತಿಯ ಖಾತೆಗೆ ಹಾಕುತ್ತಾರೆ. ಅಂಗಡಿ ಇಲ್ಲದ ದಾರಿಯಲ್ಲಿ, ಒಂದು ಮೈಲಿ ಸುತ್ತು ಹಾಕಿ ಮನೆಗೆ ಬರ್ತಾನೆ. ಉದ್ರಿ ಸಾಲ ಒಂದೊಂದಾಗಿ ಬರೆದಿಟ್ಟು ತೀರಿಸುತ್ತಿದ್ದಾನೆ. ಮೊದಲು ಅಪ್ಪ ಬಂದರೆ ಮಗಳು ಒಳಗೆ ಓಡುತ್ತಿದ್ದಳಂತೆ. ಈಗ ಅವನ ಚಪ್ಪಲಿ ಸಪ್ಪಳ ಕೇಳಿದರೆ ಹೊರಗೆ ಬರ್ತಾಳೆ. ಇದೇ ಫಲ. ಸ್ತೋತ್ರ.

6. ಬರಗಾಲದಲ್ಲಿ ಉಳಿದ ಹುಡುಗಿ

ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ತಾಯಿಯನ್ನು ನೆನೆಯೋಣ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಊರೂರು ತಿರುಗುವ ಕುಟುಂಬ. 1870ರ ದಶಕದ ಬರಗಾಲದಲ್ಲಿ ಕಾಡಿನಲ್ಲಿ ಎಲೆ ತಿಂದು, ನೀರು ಕುಡಿದು ದಿನ ಕಳೆದರು. 16ರ ವಯಸ್ಸಿನಲ್ಲಿ ತಂದೆಯ ಸಾವನ್ನು ಕಂಡಳು. ಆಮೇಲೆ ತಾಯಿ, ಆಮೇಲೆ ಅಕ್ಕ. ಮುಂದೆ ಅಣ್ಣನೂ ಹೋದ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ 1882ರಲ್ಲಿ ಗಂಡನೂ ಹೋದ. ಕೈಯಲ್ಲಿ ಕೂಸು.

ಈ ತಾಯಿ ಏನು ಮಾಡಿದರು? ಬಾಲವಿಧವೆಯರಿಗಾಗಿ 1889ರಲ್ಲಿ ಶಾರದಾ ಸದನ ತೆರೆದರು. 1896–97ರ ಬರಗಾಲ ಬಂದಾಗ ಮಧ್ಯ ಭಾರತಕ್ಕೆ ಹೋಗಿ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ್ ಬರುತ್ತದೆ, ಅಲ್ಲೇ ಅವರ ಮುಕ್ತಿ ಮಿಷನ್. 1905ರಲ್ಲಿ ಅಲ್ಲಿ ಪವಿತ್ರಾತ್ಮನ ಉಜ್ಜೀವನ ಇಳಿದು ಬಂದದ್ದನ್ನು ಪೆಂತೆಕೊಸ್ತು ಸಭೆಗಳವರು ಇಂದಿಗೂ ಹೇಳುತ್ತಾರೆ. ಅಲ್ಲಿ ಅತ್ತು ಪ್ರಾರ್ಥಿಸಿದವರು ಯಾರು? ಇಂಥ ಹುಡುಗಿಯರೇ. ಹಸಿವೆ ಕಂಡವರು, ತಂದೆ–ತಾಯಿ ಕಳೆದುಕೊಂಡವರು. ಆದರೆ ರಮಾಬಾಯಿ ಅವರಿಂದ ಬರೀ ಪ್ರಾರ್ಥನೆ ಮಾಡಿಸಲಿಲ್ಲ. ಅನ್ನ ಕೊಟ್ಟರು, ಓದು ಕಲಿಸಿದರು, ನೇಯ್ಗೆ, ಅಚ್ಚುಕೂಟ, ತೋಟದ ಕೆಲಸ ಕಲಿಸಿದರು. ಮಗಳು ಮನೋರಮಾ ಅವರ ನೆರವಿನಿಂದ ನಮ್ಮ ಪಕ್ಕದ ಕಲಬುರಗಿಯಲ್ಲೂ ಶಾಲೆ ಮಾಡಿದರು. ತಾನು ಬಿದ್ದ ಜಾಗ ಗೊತ್ತಿದ್ದವಳು ಬಿದ್ದವರನ್ನು ಎತ್ತಿದಳು.

7. ಮನೆಯವರಿಗೆ ಮತ್ತು ಸಭೆಗೆ

ಕುಡಿಯುವವರ ಹೆಂಡಂದಿರೇ, ತಾಯಂದಿರೇ, ಅವನ ಕುಡಿತ ನಿಮ್ಮ ಪ್ರಾರ್ಥನೆಯ ಸೋಲಲ್ಲ. ಹೊಡೆತ ತಿನ್ನುತ್ತಾ ಕೂಡುವುದು ಆತ್ಮಿಕತೆಯೂ ಅಲ್ಲ. ಅಪಾಯ ಇದ್ದರೆ ಮಕ್ಕಳನ್ನು ಕರಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ, ಸಭೆ ನಿಮ್ಮ ಜೊತೆ ನಿಲ್ಲುತ್ತದೆ.

ಬಾಲ್ಯದಲ್ಲಿ ಕೆಡುಕು ಅನುಭವಿಸಿದವರಿಗೆ "ಕ್ಷಮಿಸಿಬಿಡು, ಮರೆತುಬಿಡು" ಅಂತ ಅವಸರ ಮಾಡಬೇಡಿ. ಯೋಸೇಫನು ಅಣ್ಣಂದಿರನ್ನು ಕ್ಷಮಿಸಿದ, ನಿಜ. ಆದರೆ ನೋಡಿದ ಕೂಡಲೇ ತಬ್ಬಿಕೊಳ್ಳಲಿಲ್ಲ. ಮೊದಲು ಪರೀಕ್ಷಿಸಿದ, ಒಬ್ಬನೇ ಕೋಣೆಗೆ ಹೋಗಿ ಅತ್ತ. ಕ್ಷಮೆ ಬೇರೆ, ನಂಬಿಕೆ ಬೇರೆ. ಕ್ಷಮಿಸಿದ್ದೇವೆ ಅಂತ ನಮ್ಮ ಮಕ್ಕಳನ್ನು ಅಂಥವನ ಕೈಗೆ ಮತ್ತೆ ಕೊಡುವುದಿಲ್ಲ. ಈಗ ಯಾವುದಾದರೂ ಮಗುವಿಗೆ ಇಂಥದ್ದು ನಡೆಯುತ್ತಿದ್ದರೆ, ಮಾಡುವವನು ಸಂಬಂಧಿಕನಾಗಿರಲಿ, ಸಭೆಯವನಾಗಿರಲಿ, ಪಾಸ್ಟರೇ ಆಗಿರಲಿ, ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098. 2012ರ ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ.

ಸಭೆಗೆ ಒಂದು ಮಾತು. ಯೋಹಾನ 11ರಲ್ಲಿ ಲಾಜರನನ್ನು ಸಮಾಧಿಯಿಂದ ಕರೆದವನು ಕರ್ತನು. ಆ ಕೆಲಸ ಯಾರಿಂದಲೂ ಆಗುವುದಿಲ್ಲ. ಆದರೆ ಜೀವದಿಂದ ಹೊರಗೆ ಬಂದವನ ಕೈಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು. ಅದನ್ನು ಬಿಚ್ಚುವ ಕೆಲಸವನ್ನು ಕರ್ತನು ಸುತ್ತ ನಿಂತವರಿಗೆ ಕೊಟ್ಟನು. ಇನ್ನೂ ಬಟ್ಟೆ ಸುತ್ತಿಕೊಂಡಿದ್ದಾನಲ್ಲ, ಇವನು ಎದ್ದಿದ್ದು ಸುಳ್ಳು ಅಂತ ಟೀಕೆ ಮಾಡುತ್ತಾ ನಿಲ್ಲುತ್ತೇವೋ, ಬಿಚ್ಚಲು ಕೈ ಹಾಕುತ್ತೇವೋ?

ಮೆಫೀಬೋಶೆತನಿಗೆ ಮೀಕ ಎಂಬ ಚಿಕ್ಕ ಮಗ ಇದ್ದ. ಅಪ್ಪ ಲೋದೆಬಾರಿನಲ್ಲೇ ಉಳಿದಿದ್ದರೆ ಆ ಹುಡುಗನೂ ಅಲ್ಲೇ ಅಡಗಿ ಬೆಳೆಯಬೇಕಿತ್ತು. 1 ಪೂರ್ವಕಾಲವೃತ್ತಾಂತ 8ರಲ್ಲಿ ಮೀಕನ ನಾಲ್ಕು ಮಕ್ಕಳ ಹೆಸರು ಬರೆದಿದೆ. ವಂಶ ಮುಂದುವರಿಯಿತು. ನೀನು ಇವತ್ತು ಎದ್ದು ಹೊರಟರೆ ನಿನ್ನ ಮೀಕನೂ ನಿನ್ನ ಜೊತೆ ಹೊರಡುತ್ತಾನೆ.

ಈ ವಾರ ಮನೆಕೂಟದಲ್ಲಿ ಧ್ಯಾನಿಸಲು:

1. ನನ್ನ ಲೋದೆಬಾರ್ ಯಾವುದು? ಯಾವ ಹೆದರಿಕೆಯಿಂದ ಅಲ್ಲಿ ಅಡಗುತ್ತೇನೆ?
2. ನಾನು ಯಾರನ್ನಾದರೂ ಹೆಸರಿನಿಂದ ಕರೆಯದೆ ಕುಂಟಿನಿಂದ ಗುರುತಿಸಿದ್ದೇನೆಯೇ?
3. ಹಿಜ್ಕೀಯನಿಗೆ ವಾಗ್ದಾನದ ಜೊತೆ ಅಂಜೂರದ ಉಂಡೆ ಏಕೆ ಬೇಕಾಯಿತು?
4. ನಮ್ಮ ಕೂಟದಲ್ಲಿ ಒಬ್ಬರ ಬಟ್ಟೆ ಬಿಚ್ಚಲು ಈ ವಾರ ನಾವು ಮಾಡಬಹುದಾದ ಒಂದು ಕೆಲಸ ಯಾವುದು?

ಪ್ರಾರ್ಥನೆ ಮಾಡೋಣ. ಯಾರೂ ಮುಂದೆ ಬರಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಇದ್ದಲ್ಲೇ ಕೂತಿರಿ.

ಪರಲೋಕದ ತಂದೆಯೇ, ಎತ್ತಿಕೊಂಡವರ ಕೈಯಿಂದ ಜಾರಿ ಬಿದ್ದ ಮಕ್ಕಳು ನಿನ್ನ ಮುಂದೆ ಇದ್ದೇವೆ. ನಮ್ಮಲ್ಲಿ ಕೆಲವರು ಬೇರೆಯವರನ್ನು ಬೀಳಿಸಿದವರೂ ಇದ್ದೇವೆ. ನಿನ್ನ ಕೈ ಜಾರುವುದಿಲ್ಲ. ಇವತ್ತು ರಾತ್ರಿ ನಿದ್ದೆ ಬರದವರ ಹತ್ತಿರ ಕೂಡು. ಬಾಯಿ ಬಿಟ್ಟು ಹೇಳಲು ಒಬ್ಬ ನಂಬಿಗಸ್ತರನ್ನು ಕೊಡು. ಡಾಕ್ಟರ ಕೈಯನ್ನು ಆಶೀರ್ವದಿಸು. ಕೇಳದೆ ಉಪದೇಶ ಮಾಡಿದ ನನ್ನನ್ನು ಕ್ಷಮಿಸು. ಕುಂಟುತ್ತಲೇ ಬರುತ್ತೇವೆ, ನಿನ್ನ ಮೇಜಿನಲ್ಲಿ ನಮಗೆ ಜಾಗ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.